ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್: ನಮ್ಮ ಮಕ್ಕಳು ಗಮನಿಸದ ಒಂದು ವೃತ್ತಿ

(ವಿದ್ಯಾರ್ಥಿಗಳ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ಬಹುಮಾನ ಪಡೆದ ಮಕ್ಕಳನ್ನು ಮುಂದೇನು ಎಂದು ಕೇಳಿದರೆ ಡಾಕ್ಟರ್, ಇಂಜಿನಿಯರ್, ಸಿ.ಎ. ಎಂಬ ಮೂರು ಉತ್ತರಗಳೇ ಸಿಗುತ್ತವೆ. ಮೂರೂ ಒಳ್ಳೆಯವೇ. ನಾನು ನಾಲ್ಕನೆಯ ಒಂದು ದಾರಿಯ ಬಗ್ಗೆ ಹೇಳಲು ಬಂದಿದ್ದೇನೆ: ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್. ಕನ್ನಡದಲ್ಲಿ ಭೂದೃಶ್ಯ ವಾಸ್ತುಶಿಲ್ಪ ಎನ್ನುತ್ತಾರೆ. ಈ ಹೆಸರು ಕೇಳಿದ ಕೂಡಲೇ ಹೆತ್ತವರು ಕೇಳುವ ಪ್ರಶ್ನೆ ಒಂದೇ: "ಹುಲ್ಲು ಬೆಳೆಸಲಿಕ್ಕೆ ಏಳು ವರ್ಷ ಓದಬೇಕಾ ಸಾರ್?"

ಹುಲ್ಲು ಬೆಳೆಸುವುದು ಈ ಕೆಲಸದಲ್ಲಿ ಕೊನೆಗೆ ಬರುವಂಥದ್ದು. ಕಟ್ಟಡದ ಗೋಡೆಯಿಂದ ಹೊರಗೆ ಇರುವುದೆಲ್ಲ ಈ ವೃತ್ತಿಗೆ ಸೇರಿದ್ದು. ನೆಲದ ಇಳಿಜಾರು, ಮಳೆನೀರಿನ ದಾರಿ, ಮಣ್ಣು, ನೆರಳು, ತಡೆಗೋಡೆ, ಮೆಟ್ಟಿಲು, ನಡೆಯಲಾಗದವರ ಗಾಲಿಕುರ್ಚಿ ಹೋಗುವ ದಾರಿ, ಎಲ್ಲವನ್ನೂ ಮೊದಲು ಅಳೆದು ನಕ್ಷೆಯಲ್ಲಿ ಬರೆಯಬೇಕು. ಯಾವ ಗಿಡ ಎಂಬುದು ಆಮೇಲಿನ ಮಾತು.

ದೆಹಲಿಯಲ್ಲಿರುವ ಹುಮಾಯೂನನ ಸಮಾಧಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನಾಲ್ಕು ಭಾಗಗಳಾಗಿ ವಿಂಗಡಿಸಿದ ಚಾರ್‌ಬಾಗ್ ಮಾದರಿಯ ತೋಟ, ನಡುವೆ ಕಲ್ಲಿನ ಕಾಲುವೆಗಳು. ಆ ಕಾಲುವೆಗಳು ಬಹುಕಾಲ ಒಣಗಿದ್ದವು. ಆಗಾ ಖಾನ್ ಟ್ರಸ್ಟ್ ನೆರವಿನಿಂದ ಅವನ್ನು ಸರಿಪಡಿಸುವ ಕೆಲಸ 2003ರಲ್ಲಿ ಮುಗಿಯಿತು. ಆಗ ಕಲ್ಲುಗಳನ್ನು ಮತ್ತೆ ಕೂರಿಸಿದ ಲೆಕ್ಕ ಹೇಳುತ್ತೇನೆ ಕೇಳಿ: 40 ಮೀಟರ್ ಉದ್ದಕ್ಕೆ ಒಂದೇ ಒಂದು ಸೆಂಟಿಮೀಟರ್ ಇಳಿಜಾರು. ಕಣ್ಣಿಗೆ ನೆಲ ಸಮತಟ್ಟಾಗಿಯೇ ಕಾಣುತ್ತದೆ, ಆದರೆ ನೀರು ತಾನಾಗಿ ಹರಿಯುತ್ತದೆ. ಮೊಗಲರ ತೋಟವೆಂದರೆ ಗುಲಾಬಿ ಎಂದುಕೊಂಡವರು ಈ ಒಂದು ಸೆಂಟಿಮೀಟರನ್ನು ನೆನಪಿಟ್ಟುಕೊಳ್ಳಬೇಕು. ಅದು ಗಣಿತ.

ಆ ತೋಟದ ಕೆಲಸದಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಆಗಿದ್ದವರು ಪ್ರೊಫೆಸರ್ ಮೊಹಮ್ಮದ್ ಶಹೀರ್. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ದೀರ್ಘಕಾಲ ಪಾಠ ಹೇಳಿದವರು. ಅಲ್ಲೇ ಪಕ್ಕದ ಸುಂದರ್ ನರ್ಸರಿಯ ಸುಮಾರು 90 ಎಕರೆಯನ್ನು ಸಾರ್ವಜನಿಕ ಉದ್ಯಾನವಾಗಿ ರೂಪಿಸಿದ ನಕ್ಷೆಯೂ ಅವರದೇ. ಅವರು 2015ರಲ್ಲಿ ತೀರಿಕೊಂಡರು, ಉದ್ಯಾನ ತೆರೆದದ್ದು 2018ರಲ್ಲಿ. ನಮ್ಮ ಮಕ್ಕಳಿಗೆ ಕ್ರಿಕೆಟ್ ಆಟಗಾರರ, ಸಿನಿಮಾ ನಟರ ಹೆಸರುಗಳು ಗೊತ್ತು. ಈ ಹೆಸರು ಗೊತ್ತಿಲ್ಲ, ಪಾಪ ಅದು ಅವರ ತಪ್ಪಲ್ಲ.

ನಮ್ಮ ರಾಜ್ಯದಲ್ಲೂ ಈ ಪರಂಪರೆ ಇದೆ. ಬೆಂಗಳೂರಿನ ಲಾಲ್‌ಬಾಗ್ ಅನ್ನು 1760ರಲ್ಲಿ ಆರಂಭಿಸಿದವರು ಹೈದರ್ ಅಲಿ. ಟಿಪ್ಪು ಸುಲ್ತಾನರು ಹೊರದೇಶಗಳಿಂದ ಸಸಿ, ಬೀಜ ತರಿಸಿದರು. ಕನ್ನಂಬಾಡಿಯ ಬೃಂದಾವನದ ಹಿಂದೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಆಸಕ್ತಿಯಿತ್ತು. ಇದನ್ನೆಲ್ಲ ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಮನೆಗೆ ಹೋಗಿ ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಕಿಸುತ್ತೇವೆ!

ನಗಬೇಡಿ, ವಿಷಯ ಗಂಭೀರವೇ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. 100 ಚದರ ಮೀಟರಿನ ಒಂದು ತಾರಸಿಯ ಮೇಲೆಯೇ ಮೂರು ಲಕ್ಷ ಲೀಟರ್ ಆಯಿತು. ಮಾರ್ಚ್ ಬಂದರೆ ಅದೇ ಮನೆಗೆ ಟ್ಯಾಂಕರ್ ಬರುತ್ತದೆ. ಮುರಕಲ್ಲಿನ ಗುಡ್ಡವನ್ನು ಜೆಸಿಬಿಯಿಂದ ನೆಟ್ಟಗೆ ಕಡಿದು ಸೈಟ್ ಮಾಡುತ್ತೇವೆ. ಮಳೆಗಾಲದಲ್ಲಿ ಹಿಂದಿನ ಗುಡ್ಡ ಅಡುಗೆಕೋಣೆಗೆ ಬಂದು ಬೀಳುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದದ್ದನ್ನು ಯಾರೂ ಮರೆತಿಲ್ಲ. ಹೆದ್ದಾರಿಯ ಗುಡ್ಡಗಳು ಬೇರೆ ತಜ್ಞರ ಜವಾಬ್ದಾರಿ, ಒಪ್ಪುತ್ತೇನೆ. ಆದರೆ ಮನೆ, ಶಾಲೆ, ಮದ್ರಸ, ಲೇಔಟ್ ಕಟ್ಟುವಾಗ ಗುಡ್ಡವನ್ನು ಹಂತ ಹಂತವಾಗಿ ಇಳಿಸುವುದು ಹೇಗೆ, ನೀರನ್ನು ಎಲ್ಲಿ ತಿರುಗಿಸುವುದು, ಯಾವ ಬೇರು ಮಣ್ಣು ಹಿಡಿಯುತ್ತದೆ ಎಂದು ಹೇಳಬಲ್ಲವರು ನಮ್ಮ ಊರಲ್ಲಿ ಎಷ್ಟು ಜನ ಇದ್ದಾರೆ?

ಮಸೀದಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಒಬ್ಬರ ವುಝೂಗೆ ಐದು ಲೀಟರ್ ಎಂದಿಟ್ಟುಕೊಂಡರೆ, ಹೊತ್ತಿಗೆ ನೂರು ಜನರಂತೆ ಐದು ಹೊತ್ತಿಗೆ 2,500 ಲೀಟರ್. ಬಹುತೇಕ ಶುದ್ಧವಾದ ಈ ನೀರು ನೇರ ಚರಂಡಿಗೆ ಹೋಗುತ್ತದೆ. ಗಿಡ ನೆಡುವುದು ಸದಖಾ ಎಂದು ಮದ್ರಸದಲ್ಲೇ ಕಲಿತವರು ನಾವು. ಆ ನೀರನ್ನು ಮರಳಿನಲ್ಲಿ ಸೋಸಿ ಖಬರಸ್ಥಾನದ ಮರಗಳಿಗೆ ಹರಿಸುವ ನಕ್ಷೆ ಬರೆದುಕೊಡುವವರು ಬೇಕು, ಅಷ್ಟೇ. ಜಮಾಅತ್ ಕಮಿಟಿಯವರು ಇಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ.

ಈಗ ಓದಿನ ದಾರಿಗೆ ಬರುತ್ತೇನೆ. ನಮ್ಮ ದೇಶದಲ್ಲಿ ಹೆಚ್ಚಿನವರು ಮೊದಲು ಐದು ವರ್ಷದ ಬಿ.ಆರ್ಕ್. ಮುಗಿಸಿ, ನಂತರ ಎರಡು ವರ್ಷ ಲ್ಯಾಂಡ್‌ಸ್ಕೇಪ್ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮಾಡುತ್ತಾರೆ. ದೆಹಲಿ ಮತ್ತು ಭೋಪಾಲದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್, ಅಹಮದಾಬಾದಿನ ಸೆಪ್ಟ್ ಇದಕ್ಕೆ ಹೆಸರಾದವು. ಬಿ.ಆರ್ಕ್.ಗೆ ನಾಟಾ ಪರೀಕ್ಷೆ ಬರೆಯಬೇಕು; ಎನ್.ಐ.ಟಿ.ಗಳಿಗೆ ಜೆ.ಇ.ಇ. ಮೇನ್‌ನ ಎರಡನೇ ಪೇಪರ್. ಇಲ್ಲಿ ಹೆತ್ತವರು ದಯವಿಟ್ಟು ಗಮನ ಕೊಡಬೇಕು. ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಇಲ್ಲದಿದ್ದರೆ ಈ ಬಾಗಿಲು ಮುಚ್ಚಿದಂತೆ. ಹೆಣ್ಣುಮಗಳಿಗೆ ಗಣಿತ ಕಷ್ಟ, ಗಣಿತವಿಲ್ಲದ ವಿಜ್ಞಾನ ಸಾಕು ಎಂದು ಹದಿನಾರನೇ ವಯಸ್ಸಿನಲ್ಲಿ ನಾವೇ ತೀರ್ಮಾನಿಸುತ್ತೇವೆ. ಚಿತ್ರ ಬರೆಯುವ ಕೈ, ಮಣ್ಣು ನೀರಿನ ಕುತೂಹಲ ಎರಡೂ ಇರುವ ಎಷ್ಟೋ ಹುಡುಗಿಯರು ಅಲ್ಲೇ ಹೊರಗುಳಿಯುತ್ತಾರೆ. ಎಸ್ಸೆಸ್ಸೆಲ್ಸಿ ನಂತರ ಗಣಿತವಿರುವ ಮೂರು ವರ್ಷದ ಡಿಪ್ಲೊಮಾ ಮಾಡಿದವರೂ ನಾಟಾ ಬರೆಯಬಹುದು.

ಅಷ್ಟು ದೂರದ ಓದು ಬೇಡವೆಂದರೆ ನಾಲ್ಕು ವರ್ಷದ ಬಿ.ಎಸ್ಸಿ. ತೋಟಗಾರಿಕೆ ಇದೆ, ಬಾಗಲಕೋಟೆಯಲ್ಲಿ ಅದಕ್ಕೆಂದೇ ವಿಶ್ವವಿದ್ಯಾಲಯವಿದೆ. ಅದನ್ನು ಓದಿದವರು ಆರ್ಕಿಟೆಕ್ಟ್ ಎಂದು ಬೋರ್ಡು ಹಾಕುವಂತಿಲ್ಲ. 1972ರ ಕಾಯಿದೆಯಂತೆ ಆ ಹೆಸರು ಆರ್ಕಿಟೆಕ್ಚರ್ ಕೌನ್ಸಿಲಿನಲ್ಲಿ ನೋಂದಾಯಿಸಿದವರಿಗೆ ಮಾತ್ರ. ಆದರೆ ನರ್ಸರಿ, ಗಿಡಗಳ ಆಯ್ಕೆ, ಉದ್ಯಾನ ನಿರ್ವಹಣೆಯಲ್ಲಿ ಅವರಿಗೂ ಕೆಲಸವಿದೆ.

ಸಂಬಳದ ವಿಷಯ ಮುಚ್ಚಿಡುವುದಿಲ್ಲ. ಮೊದಲ ಮೂರು ನಾಲ್ಕು ವರ್ಷ ಸಾಫ್ಟ್‌ವೇರ್ ಕಂಪೆನಿಗೆ ಹೋದ ಗೆಳೆಯನ ಮುಂದೆ ಇವನ ಸಂಬಳ ಸಣ್ಣದೇ ಇರುತ್ತದೆ. ಓದುವಾಗಲೂ ಶುಲ್ಕದ ಜೊತೆಗೆ ಲ್ಯಾಪ್‌ಟಾಪ್, ಡ್ರಾಯಿಂಗ್ ಶೀಟ್, ಮಾದರಿ ತಯಾರಿಸುವ ಸಾಮಾನು ಎಂದು ಖರ್ಚು ಬರುತ್ತದೆ. ಸಿ.ಇ.ಟಿ. ಪ್ರಾಧಿಕಾರದ ಮೂಲಕ ಸೀಟು ಸಿಕ್ಕರೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲದ ಬಗ್ಗೆ ವಿಚಾರಿಸಿ. ಅನುಭವ ಬಂದ ಮೇಲೆ ಸ್ವಂತ ಕಚೇರಿ ತೆರೆಯಬಹುದು. ಗಲ್ಫ್ ಅಂತೂ ನಮಗೆ ಹೊಸದಲ್ಲ. ರಿಯಾದಿನ ವಾದಿ ಹನೀಫಾ ಎಂಬ 120 ಕಿ.ಮೀ. ಉದ್ದದ ಕಣಿವೆ ಒಂದು ಕಾಲದಲ್ಲಿ ಕಟ್ಟಡದ ಕಸ, ಕೊಳಚೆ ಸುರಿಯುವ ಜಾಗವಾಗಿತ್ತು. ಅದನ್ನು ಶುದ್ಧಗೊಳಿಸಿ ಉದ್ಯಾನ ಮಾಡಿದ ಕೆಲಸಕ್ಕೆ 2010ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ನಮ್ಮ ಹುಡುಗರು ಅಲ್ಲಿ ಡ್ರೈವರ್, ಸೇಲ್ಸ್‌ಮನ್ ಆಗಿ ದುಡಿದು ಈ ಊರಿನ ಮನೆಗಳನ್ನು ಕಟ್ಟಿದ್ದಾರೆ, ಅದು ಗೌರವದ ದುಡಿಮೆ. ಅವರ ಮಕ್ಕಳು ಅದೇ ವಿಮಾನದಲ್ಲಿ ನಕ್ಷೆ ಹಿಡಿದು ಹೋಗಬಾರದೇ?

ಆಸಕ್ತಿ ಇರುವವರು ಈ ಮಳೆಗಾಲದಲ್ಲಿ ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ ಹಿಡಿದು ನಿಮ್ಮ ಶಾಲೆಯ ಅಂಗಳದಲ್ಲಿ ನೀರು ಎಲ್ಲಿಂದ ಬಂತು, ಎಲ್ಲಿ ನಿಂತಿತು, ಎಲ್ಲಿಗೆ ಹೋಯಿತು ಎಂದು ಬಾಣದ ಗುರುತು ಹಾಕಿ ಬರೆಯಿರಿ. ಪಿಯುಸಿ ಪ್ರವೇಶದ ಫಾರಂ ಇನ್ನೂ ತುಂಬದ ಮಕ್ಕಳು ಮತ್ತು ಅವರ ಹೆತ್ತವರು ಊಟದ ನಂತರ ಲೈಬ್ರರಿ ಕೋಣೆಗೆ ಬನ್ನಿ, ಸಂಜೆಯವರೆಗೂ ಅಲ್ಲೇ ಇರುತ್ತೇನೆ.