ಕಾಟಿಯ ಕಾಲಿನ ಬಿಳುಪು
(ಯುವಜನರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ನಿಮ್ಮಲ್ಲಿ ಹೆಚ್ಚಿನವರು ಬೈಕಿನಲ್ಲಿ ಬಂದಿರುವಿರಿ, ಘಾಟಿಯಿಳಿದು ಮನೆ ಸೇರಬೇಕಾದವರು. ಆದ್ದರಿಂದ ಕಾಡಿನ ಸೊಬಗನ್ನು ಬಿಟ್ಟು ರಸ್ತೆಯ ಮಾತನ್ನೇ ಆಡುತ್ತೇನೆ.

ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಣ್ಣು ಕಂಡದ್ದನ್ನು ಮನಸ್ಸು ಗ್ರಹಿಸಿ ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಅಷ್ಟು ದೂರ ಕಳೆದಿರುತ್ತದೆ. ಆಮೇಲೆ ನಿಲ್ಲಲು ಒಣ ರಸ್ತೆಯಲ್ಲೂ ಇನ್ನಷ್ಟೇ ದೂರ ಬೇಕು. ಮಳೆಗಾಲದ ಪಾಚಿಗಟ್ಟಿದ ಡಾಂಬರಿನ ಮೇಲೆ ಎಷ್ಟೆಂಬುದನ್ನು ನೀವೇ ಬಲ್ಲಿರಿ. ವೇಗವನ್ನು 40ಕ್ಕೆ ಇಳಿಸಿದರೆ ಈ ದೂರ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಪ್ರಾಣಿಯಿದ್ದರೆ ಕಣ್ಣು ಹೊಳೆಯುತ್ತದೆಂದು ನಂಬಿ ಓಡಿಸುವವರುಂಟು. ಜಿಂಕೆ, ಕಡವೆಗಳ ಮಟ್ಟಿಗೆ ಅದು ನಿಜ. ಹಂದಿಯ ಕಣ್ಣಿನಲ್ಲಿ ಬೆಳಕನ್ನು ಹಿಂದಿರುಗಿಸುವ ಪದರವೇ ಇಲ್ಲ. ಹಲವು ವರ್ಷಗಳ ಹಿಂದೆ ತಾಯಿಹಂದಿಯೊಂದು ರಸ್ತೆ ದಾಟಿತೆಂದು ನಾನು ವೇಗ ಹೆಚ್ಚಿಸಿದೆ. ಹಿಂದೆ ಮರಿಗಳಿದ್ದವು. ಮುರಿದ ನನ್ನ ಭುಜದೆಲುಬು ಕೂಡಿಕೊಂಡಿತು. ಚಕ್ರಕ್ಕೆ ಸಿಕ್ಕ ಎರಡು ಮರಿಗಳು ಉಳಿಯಲಿಲ್ಲ.

ಕಾಟಿಯ ಕರಿಮೈ ಕತ್ತಲಲ್ಲಿ ಕರಗಿಹೋಗುತ್ತದೆ. ಕಾಣುವುದು ಮೊಣಕಾಲಿನ ಕೆಳಗಿನ ಬಿಳುಪು ಮಾತ್ರ. ರಸ್ತೆಯಂಚಿನಲ್ಲಿ ಬಿಳಿ ಗೂಟಗಳಂತೆ ಏನು ಕಂಡರೂ ವೇಗ ತಗ್ಗಿಸಿರಿ. ಎದುರಿಗೇ ಬಂದರೆ ಪಕ್ಕಕ್ಕೆ ತಿರುಗಿಸಲು ಹೋಗದೆ, ಹ್ಯಾಂಡಲನ್ನು ನೇರವಾಗಿ ಹಿಡಿದು ಎರಡೂ ಬ್ರೇಕುಗಳನ್ನು ಬಳಸಿರಿ. ನಿಂತ ಮೇಲೆ ಹಾರ್ನ್ ಬೇಡ, ದೀಪವನ್ನು ಡಿಮ್ ಮಾಡಿ ಹಿಂಡು ಪೂರ್ತಿ ದಾಟುವವರೆಗೂ ಕಾಯಿರಿ.

ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ತಡೆಯಿದೆ. ನಮ್ಮ ಘಾಟಿಗೆ ಅಂಥ ಗೇಟಿಲ್ಲ. ಇದ್ದರೂ, ಪ್ರಾಣಿಗಳು ಮೇಯಲು ಹೊರಡುವ ಮುಸ್ಸಂಜೆಯನ್ನು ಅದು ತಡೆಯುತ್ತಿರಲಿಲ್ಲ. ಈಗ ನಾಲ್ಕೂವರೆ ಗಂಟೆ. ದೂರ ಹೋಗಬೇಕಾದವರು ಚಹಾಕ್ಕೆ ಕಾಯದೆ ಹೊರಡಬಹುದು, ನಾನು ತಪ್ಪು ತಿಳಿಯುವುದಿಲ್ಲ.