ಬಾವುಟ ಹೊಲಿಯುವ ಕೈಗಳ ಲೆಕ್ಕ

ಇವತ್ತು ಹುಬ್ಬಳ್ಳಿಯ ಬೆಂಗೇರಿಗೆ ಹೋಗೋಣ ಬನ್ನಿ.

ಅಲ್ಲಿರೋದು ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. 1957ರ ನವೆಂಬರ್ 1ರಂದು ಹುಟ್ಟಿದ್ದು. ಬಿಐಎಸ್ ಮುದ್ರೆಯ ಖಾದಿ ರಾಷ್ಟ್ರಧ್ವಜಕ್ಕೆ ದೇಶಕ್ಕೇ ಹೆಸರಾದ ಸಂಸ್ಥೆ. ಬಟ್ಟೆ ಬರೋದು ಬಾಗಲಕೋಟೆ ಕಡೆಯ ತುಳಸಿಗೇರಿಯಿಂದ. ನೂಲು, ನೇಯ್ಗೆ, ಬಣ್ಣ, ಚಕ್ರದ 24 ಗೆರೆ, ಕೊನೆಗೆ ಹೊಲಿಗೆ. ಎಲ್ಲದಕ್ಕೂ ಅಳತೆ ಉಂಟು. ಅಳತೆ ತಪ್ಪಿದರೆ ಆ ಬಾವುಟ ಬದಿಗೆ ಬಿತ್ತು ಅಂತಲೇ ಅರ್ಥ. ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಪಾಲಿಯೆಸ್ಟರ್ ಬಾವುಟಕ್ಕೂ, ಯಂತ್ರದ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಮರುವರ್ಷ ಮನೆಮನೆಯಲ್ಲೂ ತಿರಂಗಾ ಹಾರಿತು. ಒಳ್ಳೇದೇ. ಆದರೆ ಬೆಂಗೇರಿಯಲ್ಲಿ ಬೇಡಿಕೆ ಕುಸಿಯಿತು. ಅಗ್ಗದ ಬಾವುಟ ಬಂದಾಗ ಖಾದಿ ಬಾವುಟ ಕೇಳೋರು ಯಾರು?

ಈಗ ಇನ್ನೊಂದು ಕಡೆ ನೋಡ್ರಿ. ಉತ್ತರ ಕರ್ನಾಟಕಕ್ಕೆ ಗಾರ್ಮೆಂಟ್ಸ್ ತರ್ತೀವಿ ಅಂತ ಸರ್ಕಾರಗಳು ಹೇಳ್ತಾನೇ ಬಂದಿವೆ. 2019-24ರ ಜವಳಿ ನೀತಿಯೂ ಬಂತು, ಸಬ್ಸಿಡಿಯೂ ಬಂತು. ಬರಲಿ, ಬೇಡ ಅನ್ನಲ್ಲ. ಕಡಿಮೆ ಬಂಡವಾಳದಲ್ಲಿ ಇಷ್ಟೊಂದು ಹೆಣ್ಣುಮಕ್ಕಳಿಗೆ ತಿಂಗಳ ಸಂಬಳ ಕೊಡುವ ಉದ್ಯಮ ಬೇರೆ ಎಷ್ಟಿವೆ? ಬಾಂಗ್ಲಾದೇಶದ ರಫ್ತಿನಲ್ಲಿ ಶೇ. 80ಕ್ಕೂ ಹೆಚ್ಚು ಸಿದ್ಧ ಉಡುಪೇ. ಆದರೆ ಅದೇ ದೇಶದಲ್ಲಿ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಕೆಲಸಕ್ಕೆ ಕರೆದರು.

ನಮ್ಮಲ್ಲೇನು ಕಮ್ಮಿ? 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಪೂರ್ತಿ ತೆಗೆಯೋಕೆ 58 ವರ್ಷ ಕಾಯಿರಿ ಎಂಬ ನಿಯಮ ಬಂದಾಗ, ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಮಗಳ ಮದುವೆಗೆ, ಮಗನ ಫೀಸಿಗೆ ಅವರ ಹತ್ತಿರ ಇದ್ದ ಗಂಟು ಅದೊಂದೇ. ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಳ್ತು.

ಹಾಗಾಗಿ ನನ್ನ ಮಾತು ಇಷ್ಟೇ. ಎಷ್ಟು ಕಾರ್ಖಾನೆ ಬಂತು ಅಂತ ಎಣಿಸೋದು ಸುಲಭ. ಹತ್ತು ವರ್ಷ ಹೊಲಿಗೆ ಹಾಕಿದ ತಾಯಿಯ ಕೈಯಲ್ಲಿ ಎಷ್ಟು ಉಳಿಯಿತು, ಅದನ್ನೂ ಎಣಿಸಿ. ಸಬ್ಸಿಡಿ ಕೊಡುವಾಗಲೇ ಸಂಬಳ, ಪಿಎಫ್, ಕೂಸಿನ ಮನೆ, ಸಂಜೆ ಊರಿಗೆ ಮುಟ್ಟಿಸುವ ಬಸ್ಸು, ಇವಿಷ್ಟನ್ನೂ ಷರತ್ತಾಗಿ ಬರೆಸಿಕೊಳ್ಳಿ. ಸರ್ಕಾರಿ ಕಚೇರಿಗಳ ಬಾವುಟವನ್ನಾದರೂ ಖಾದಿಯಲ್ಲೇ ಕೊಳ್ಳಿ.

ಆಗಸ್ಟ್ 15ಕ್ಕೆ ಬಾವುಟಕ್ಕೆ ಸೆಲ್ಯೂಟ್ ಹೊಡೀತೀವಲ್ಲ, ಅದನ್ನು ಹೊಲಿದವಳ ಮನೆಯ ಒಲೆ ಉರೀತಿದೆಯಾ ಅಂತಲೂ ಒಮ್ಮೆ ಕೇಳೋಣ.