ಬಿಚ್ಚಿ ಕಟ್ಟಿದ ಮನೆ

ಇಂಗ್ಲೆಂಡಿನ ಕೆಂಟ್ ಕೌಂಟಿಯಲ್ಲಿ ‘ಬೇಲೀಫ್’ ಎಂಬ ರೈತನ ಮನೆಯಿತ್ತು. 15ನೆಯ ಶತಮಾನದಲ್ಲಿ ಕಟ್ಟಿದ್ದು. ಜಲಾಶಯದ ಯೋಜನೆಯೊಂದರಿಂದ 1960ರ ದಶಕದಲ್ಲಿ ಅದಕ್ಕೆ ಕುತ್ತು ಬಂತು. ಮನೆಯನ್ನು ಉಳಿಸಿದ್ದು ಅದನ್ನು ಕಟ್ಟಿದ ಬಡಗಿಗಳ ಕೆಲಸವೇ ಎನ್ನಬೇಕು.

ಭಾರ ಹೊರುವುದೆಲ್ಲ ಓಕ್ ಮರದ ಚೌಕಟ್ಟು. ಆ ಬಡಗಿಗಳು ಹಸಿಮರವನ್ನೇ ಕೆತ್ತುತ್ತಿದ್ದರು. ಒಣಗಿದ ಓಕ್ ಉಳಿಗೆ ಸುಲಭವಾಗಿ ಮಣಿಯದು. ತೊಲೆಯ ತುದಿಯನ್ನು ನಾಲಿಗೆಯಂತೆ ಕೊರೆದು, ಕಂಬದ ಕುಳಿಯಲ್ಲಿ ಕೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆದರೆ ಬಿಗಿಯಾಯಿತು. ಕಬ್ಬಿಣದ ಮೊಳೆ ಬೇಡ. ಯಾವ ತುಂಡು ಯಾವುದಕ್ಕೆ ಸೇರಬೇಕೆಂದು ಗುರುತನ್ನೂ ಗೀರುತ್ತಿದ್ದರು. ಗೋಡೆಗಳೋ, ತಡಿಕೆಗೆ ಮೆತ್ತಿದ ಮಣ್ಣು, ಸಗಣಿ, ಹುಲ್ಲು, ಅಷ್ಟೇ.

ಎರಡು ತುದಿಗಳಲ್ಲಿ ಮಹಡಿ. ನಡುವಿನ ಹಜಾರ ಮಾಡಿನವರೆಗೂ ತೆರವು. ಅದರ ನೆಲದ ಮೇಲೇ ಬೆಂಕಿ; ಹೊಗೆಗೂಡು ಇಲ್ಲ, ಕಿಟಕಿಗೆ ಗಾಜೂ ಇಲ್ಲ! ಅಲ್ಲಿನ ಚಳಿಗಾಲವನ್ನು ನೀವೇ ಊಹಿಸಿಕೊಳ್ಳಿ.

ಗೂಟ ಕಿತ್ತರೆ ಇಂಥ ಮನೆ ಬಿಚ್ಚಿಕೊಳ್ಳುತ್ತದೆ. 1968ರಲ್ಲಿ ಹಾಗೆಯೇ ಬಿಚ್ಚಿ, ಸಸೆಕ್ಸ್‌ನ ಸಿಂಗಲ್‌ಟನ್‌ನಲ್ಲಿರುವ ಬಯಲು ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. 1972ರ ಹೊತ್ತಿಗೆ ಅದು ಅಲ್ಲಿ ಎದ್ದು ನಿಂತಿತು. ನಂತರದ ಕಾಲದವರು ಸೇರಿಸಿದ್ದ ಹೊಗೆಗೂಡನ್ನು ಮಾತ್ರ ಮತ್ತೆ ಕಟ್ಟಲಿಲ್ಲ. ಹಜಾರದಲ್ಲಿ ಹೊತ್ತಿಸುವ ಬೆಂಕಿಯ ಹೊಗೆ ಈಗಲೂ ಮಾಡಿನ ಸಂದುಗಳಲ್ಲೇ ದಾರಿ ಹುಡುಕಿಕೊಳ್ಳುತ್ತದೆ.